‘ಬರಕೋರಿ, ನನ್ ಗಂಡ ಸತ್ತಾನ’

ಆಕೆ ಎರಡೂ ಕೈಗಳನ್ನು ಮನೆಯ ಕಟ್ಟೆಗೆ ಬಡಿದಳು. ಬಳೆಗಳು ಒಡೆದು ಚೂರುಗಳು ನನ್ನ ಕಾಲ ಬಳಿಗೆ ಸಿಡಿದವು. ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ‘ಈಗ ಬರಕೋರಿ ಸಾಹೇಬ್ರ, ನನ್ ಗಂಡ ಸತ್ತಾನಂತ’ ಎಂದಳು.

ನಿಜಾಮರ ಸರಕಾರದಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿ ಒಂದು ವಾರವಾಗಿತ್ತು. ಗತಿಯಿಲ್ಲದ ವಿಧವೆಯರಿಗೆ ಜೋಳ ಕೊಡುತ್ತಿದ್ದರು. ಯಾರು ಅದಕ್ಕೆ ಅರ್ಹರೆಂದು ಮನೆಮನೆಗೆ ಹೋಗಿ ವಿಚಾರಿಸಿ ಬರೆದುಕೊಳ್ಳಲು ಕಲಬುರಗಿಯಿಂದ ಕಮಲಾಪುರಕ್ಕೆ ಬಂದಿದ್ದೆ. ಈಕೆಯ ಗಂಡ ಸೋಲಾಪುರದ ಗಿರಣಿಗೆ ಹೋಗಿ ಮೂರು ವರ್ಷವಾದರೂ ಸುದ್ದಿಯಿರಲಿಲ್ಲ. ಗಂಡ ಸತ್ತಿದ್ದರೆ ಮಾತ್ರ ಜೋಳ ಕೊಡಲು ಬರುತ್ತದೆ ಎಂದು ನಾನು ಕಾಯಿದೆ ಹೇಳಿದ್ದೆ, ಅಷ್ಟೇ.

ಒಳಗೆ ಹಾಸಿಗೆ ಹಿಡಿದಿದ್ದ ಅತ್ತೆ ಹೊಸ್ತಿಲವರೆಗೆ ತೆವಳಿಕೊಂಡು ಬಂದಳು. ‘ನನ್ ಮಗ ಜೀವಂತ ಅದಾನ, ಏನ್ ಮಾಡಿದ್ಯವ್ವಾ!’ ಎಂದು ಸೊಸೆಯ ಕೈ ಹಿಡಿದು ಗೋಳಾಡಿದಳು.

ಸೊಸೆ ಅಳಲಿಲ್ಲ. ‘ನೀವು ಉಂಡು ಎರಡ ದಿನ ಆಯ್ತ್ರಿ, ಅತ್ತಿ’ ಎಂದಳು.

ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿತ್ತು. ಆಕೆಯ ಹೆಸರಿನ ಮುಂದೆ ‘ಬೇವಾ’, ಅಂದರೆ ವಿಧವೆ, ಎಂದು ಬರೆದು ಚೀಟಿ ಕೊಟ್ಟೆ. ಅಂದೇ ಸಂಜೆಯೊಳಗೆ ಜೋಳ ಅವರ ಮನೆ ಸೇರಿತು. ಆ ಗಂಡ ಬದುಕಿದ್ದನೋ ಇಲ್ಲವೋ, ನನಗೆ ಗೊತ್ತಾಗಲೇ ಇಲ್ಲ.

ಅದೇ ಕೆಲಸದಲ್ಲಿ ಎಷ್ಟೋ ವರ್ಷ ಕಳೆದಿವೆ. ಯಾರ ಮನೆಗೆ ಹೋದರೂ ಮೊದಲು ಒಲೆ ಹೊತ್ತಿ ಎಷ್ಟು ದಿನವಾಯಿತೆಂದು ಕೇಳುತ್ತೇನೆ. ಗಂಡನ ವಿಷಯ ಕೊನೆಗೆ ಕೇಳುತ್ತೇನೆ.