ಬಾಗಿಲು ಹಾಕಿದ್ದ ಗಣಪನ ಮುಂದೆ

ಇಲ್ಲ, ಮುಂದಿನ ಸೀಟಿನಲ್ಲಿ ಕೂತಿದ್ದವನು ದೊಡ್ಡಪ್ಪನೇ ಇರಬೇಕು. ಇಲ್ಲದಿದ್ದರೆ ನಾನು ಆ ಸೀಟಿನ ಬೆನ್ನಿಗೆ ದಾರಿಯುದ್ದಕ್ಕೂ ಪಿನ್ನು ಚುಚ್ಚಿದ್ದು ಯಾಕೆ? ಆದರೆ ಅಮ್ಮ ಹೇಳೋದೇ ಬೇರೆ. ಮುಂದೆ ಕೂತಿದ್ದು ಅಪ್ಪ, ದೊಡ್ಡಪ್ಪ ಹಿಂದೆ ಕಿಟಕಿ ಪಕ್ಕ ಇದ್ದ, ನೀನು ಚುಚ್ಚಿದ್ದು ನಿಮ್ಮಪ್ಪನಿಗೇ ಅನ್ನುತ್ತಾಳೆ. ಕಾರಿನ ಬಣ್ಣದ ವಿಷಯದಲ್ಲೂ ನಾವಿಬ್ಬರೂ ಒಪ್ಪುವುದಿಲ್ಲ. ಅವಳಿಗೆ ಅದು ಬಿಳಿ, ನನಗೆ ಬೂದಿ. ಅದಕ್ಕೂ ಮುಂಚೆ ಮನೆ ತುಂಬಿದ್ದ ಸತ್ತ ಹುಳುಗಳ ವಾಸನೆಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ವಕ್ಕಲೇರಿ ಸುತ್ತಮುತ್ತ ಮನೆಗೊಂದು ಹುಳದ ಮನೆ ಇದ್ದ ಕಾಲ. ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದುವ ಮಾವ ಬಂದರೆ ಅವನಿಗೆ ಜಗಲಿಯೇ ಗತಿ. ಮನೆಯವರ ಊಟಕ್ಕಿಂತ ಹುಳುಗಳ ಊಟ ಮೊದಲು. ನಾನು ತಟ್ಟೆಗಳ ಸಾಲಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದೆ. ಮೇಲೆ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಒಣ ರಾಗಿ ಹುಲ್ಲಿನ ಮೇಲೆ ಯಾರೋ ಮೆತ್ತಗೆ ಓಡಾಡಿದ ಹಾಗೆ ಆ ಸದ್ದು. ಅಮ್ಮನ ಕೈಗೆ, ಸೆರಗಿಗೆ, ಅವಳು ಕಟ್ಟಿದ ಮುದ್ದೆಗೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಸ್ಕೂಲಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು "ನಿನ್ ಮೇಲೆ ಹುಳ ವಾಸ್ನೆ ಕಣೇ" ಅಂದಾಗ ನನಗೆ ಅವಮಾನವಾಗಲಿಲ್ಲ. ನನ್ನ ಮೇಲೆ ಅಮ್ಮನ ವಾಸನೆ ಇದೆ ಅಂತ ಅನ್ನಿಸಿತು. ಅಥವಾ ಈಗ ಹಾಗೆ ಅನ್ನಿಸುತ್ತಿದೆ.

ನಮ್ಮ ಸೊಪ್ಪಿನ ತೋಟಕ್ಕೂ ದೊಡ್ಡಪ್ಪನ ಟೊಮೆಟೊ ತೋಟಕ್ಕೂ ನಡುವೆ ಒಂದೇ ಒಂದು ಬದು. ಟೊಮೆಟೊ ಹಾಕಿದವರು ಔಷಧಿ ಹೊಡೆಯುವ ಹಿಂದಿನ ಸಂಜೆ ಬದುವಿನ ಮೇಲೆ ನಿಂತು "ನಾಳೆ ಹೊಡೀತೀವಿ, ಸೊಪ್ಪು ಕೊಯ್ಕೊಳ್ಳಿ" ಅಂತ ಕೂಗಿ ಹೇಳಬೇಕು. ಬರೆದಿಟ್ಟ ಕಾನೂನಲ್ಲ. ಆದರೂ ಜಗಳವಾಡಿ ಮಾತು ಬಿಟ್ಟವರು ಕೂಡ ಆ ಒಂದು ಮಾತು ಮಾತ್ರ ಕೂಗಿ ಹೇಳುತ್ತಿದ್ದರು.

ಆ ಸಲ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಕಳಚಿ ಬೆರಳ ಗಾತ್ರ ಆಗಿದ್ದವು. ಇನ್ನು ಕೆಲವೇ ದಿನ, ಆಮೇಲೆ ಗೂಡು. ಬೆಳಿಗ್ಗೆ ಅಮ್ಮ ಬದುವಿನ ಕಡೆಯ ಸಾಲಿನಿಂದ ಸೊಪ್ಪು ತಂದು ಹಾಕಿದಳು. ನಾನು ಸ್ಕೂಲಿಂದ ಬರುವ ಹೊತ್ತಿಗೆ ಹುಳದ ಮನೆಯಲ್ಲಿ ಸದ್ದು ನಿಂತಿತ್ತು. ಹುಳುಗಳು ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಬಾಯಿಂದ ಹಸಿರು ನೀರು. ಸಂಜೆಗೆಲ್ಲ ಮುದುಡಿ ಚಿಕ್ಕದಾದವು. ಅಪ್ಪ ತಿಪ್ಪೆಯ ಪಕ್ಕ ಗುಂಡಿ ತೋಡಿದ. ಅಮ್ಮ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಸುರಿದಳು. ಅಳಲಿಲ್ಲ.

ಮಾರನೇ ದಿನ ಬದುವಿನ ಮೇಲೆ ನಿಂತು ಕೇಳಿದಳು: "ಔಷಧಿ ಹೊಡೀತೀನಿ ಅಂತ ಒಂದು ಮಾತು ಹೇಳಬಾರದಾಗಿತ್ತಾ ಭಾವ?"

"ಹೇಳಿದ್ನಲ್ಲಮ್ಮ."

"ಯಾರಿಗೆ?"

"ಹೇಳಿದ್ದೀನಿ ಅಂದ್ಮೇಲೆ ಹೇಳಿದ್ದೀನಿ" ಅಂದು ದೊಡ್ಡಪ್ಪ ಹೋಗಿ ಮೋಟರ್ ಹಾಕಿದ. ನೀರಿನ ಸದ್ದಿನಲ್ಲಿ ಮಾತು ಮುಗಿಯಿತು. ಅಪ್ಪ ಅಲ್ಲೇ ಇದ್ದನಾ? ಇದ್ದ ಅಂತ ನನ್ನ ನೆನಪು ಹೇಳುತ್ತದೆ. ನನ್ನ ನೆನಪಿಗೆ ಅಪ್ಪನನ್ನು ಎಲ್ಲ ಕಡೆ ನಿಲ್ಲಿಸುವ ಚಾಳಿ ಇದೆ.

ಅಮ್ಮ ದೊಡ್ಡಪ್ಪನ ಮನೆಯ ಕಡೆ ತಲೆ ಹಾಕುವುದನ್ನು ಬಿಟ್ಟಳು. ಊರಿನ ಹಿರಿಯರು ಯಾರೋ ಅವನಿಗೆ ಬುದ್ಧಿ ಹೇಳಿದರಂತೆ: "ನಾಲ್ಕು ದೇವರ ದರ್ಶನ ಮಾಡಿಸ್ಕೊಂಡು ಬಾರಯ್ಯ, ಹೆಂಗಸು ತಣ್ಣಗಾಗ್ತಾಳೆ." ಆ ಸಲ ಅವನ ಟೊಮೆಟೊಗೆ ಒಳ್ಳೆ ರೇಟು ಸಿಕ್ಕಿತ್ತು. ತಪ್ಪಾಯ್ತು ಅನ್ನುವ ಒಂದು ಮಾತನ್ನು ಉಳಿಸಿಕೊಳ್ಳಲು ಅವನು ಒಂದು ಕಾರನ್ನೇ ಮಾಡಿದ. ಅದೂ ಎಂಥದ್ದು! ಬೆಂಗಳೂರಿನಿಂದ ಕ್ಯಾಮೆರಾ ಹಾಕಿಕೊಂಡು ಬರುವವರಿಗೆ ಹಳೇ ಗುಡಿ ತೋರಿಸುವ ಗೈಡು ಸಮೇತ ಕಾರು. ಬೆಳಿಗ್ಗೆ ಕೋಲಾರಮ್ಮ, ಆಮೇಲೆ ಆವಣಿ, ಕೊನೆಗೆ ಕುರುಡುಮಲೆ.

ಅಮ್ಮ ಕೇಳಿದ ಕೂಡಲೇ "ಬರ್ತೀನಿ" ಅಂದಳು. ಅಪ್ಪನಿಗೆ ಖುಷಿಯಾಯಿತು. ನನಗೆ ಭಯವಾಯಿತು. ಗುಂಡಿಗೆ ಸುರಿಯುವ ಮೊದಲು ಅಮ್ಮ ಒಂದು ಹಿಡಿ ಹುಳುಗಳನ್ನು ತೆಗೆದಿಟ್ಟು ಬಿಸಿಲಿಗೆ ಒಣಗಿಸಿದ್ದನ್ನು ನಾನು ನೋಡಿದ್ದೆ. ಹೊರಡುವ ಬೆಳಿಗ್ಗೆ ಅವು ಅವಳ ಕರ್ಚೀಫಿನ ಗಂಟಿನಲ್ಲಿದ್ದವು.

ಗೈಡು ಕೋಲಾರದ ಹುಡುಗ, ಅವನೇ ಡ್ರೈವರ್ರೂ. ಕಪ್ಪು ಕನ್ನಡಕವನ್ನು ಅಂಗಿಯ ಕತ್ತಿಗೆ ಸಿಕ್ಕಿಸಿಕೊಂಡಿದ್ದ. "ಗುಡ್ ಮಾರ್ನಿಂಗ್ ಸಾರ್, ಗುಡ್ ಮಾರ್ನಿಂಗ್ ಮೇಡಂ" ಅಂದ. ಮೇಡಂ ಯಾರು ಬಂದರೋ ಅಂತ ಅಮ್ಮ ಹಿಂದಕ್ಕೆ ತಿರುಗಿ ನೋಡಿದಳು.

ಕಾರು ಹೈವೇ ಹತ್ತಿದ ಮೇಲೆ ನಾನು ಪಿನ್ನು ತೆಗೆದೆ. ಸೀಟು ದಪ್ಪ. ಎಷ್ಟು ಒತ್ತಿದರೂ ಆ ಕಡೆಗೆ ತಲುಪಲಿಲ್ಲ.

ಕೋಲಾರಮ್ಮನ ಗುಡಿಯಲ್ಲಿ ಗೈಡು ಕೈ ಹಿಂದೆ ಕಟ್ಟಿಕೊಂಡು ಒಪ್ಪಿಸತೊಡಗಿದ. ಗಂಗರಂತೆ, ಚೋಳರಂತೆ, ಕಂಬದ ಕೆತ್ತನೆಯಂತೆ. ದೇವಿಯ ದೃಷ್ಟಿ ಉಗ್ರ, ಅದಕ್ಕೇ ಅವಳನ್ನು ನೇರ ನೋಡದೆ ಕನ್ನಡಿಯಲ್ಲಿ ನೋಡುತ್ತಾರೆ ಅಂದ. ಅಮ್ಮ ಮಧ್ಯದಲ್ಲೇ ತಡೆದಳು.

"ಕಟ್ಸಿದ್ದು ಯಾರಾದ್ರೂ ಆಗ್ಲಪ್ಪ. ಕೇಳಿದ್ದು ಕೊಡ್ತಾಳಾ ಅದನ್ನ ಹೇಳು."

"ಏನ್ ಕೇಳ್ತೀರ ಅನ್ನೋದ್ರ ಮೇಲೆ ಮೇಡಂ" ಅಂದ ಹುಡುಗ, ನಗುತ್ತಾ. ಆಮೇಲೆ ಚೇಳಮ್ಮನ ಹತ್ತಿರ ಕರೆದುಕೊಂಡು ಹೋದ. "ಇವಳಿಗೆ ಹರಕೆ ಹೊತ್ತು ಈ ಗುಂಡಿಗೆ ಕಾಣಿಕೆ ಹಾಕಿದ್ರೆ ಜೀವಮಾನದಲ್ಲಿ ಚೇಳು ಕಚ್ಚಲ್ಲ."

"ಕಚ್ಚಿಸಬೇಕು ಅಂದ್ರೆ?"

"ಅದು ನಮ್ಮ ಪ್ಯಾಕೇಜಲ್ಲಿ ಇಲ್ಲ ಮೇಡಂ."

ದೊಡ್ಡಪ್ಪ ಜೋರಾಗಿ ನಕ್ಕ. ಅವನ ನಗು ಮುಗಿಯುವಷ್ಟರಲ್ಲಿ ಅಮ್ಮ ಬಗ್ಗಿ ಕರ್ಚೀಫಿನ ಗಂಟು ಬಿಚ್ಚಿ ಗುಂಡಿಯ ಬಾಯಿಗೆ ಒದರಿದಳು. ತುಟಿ ಅಲ್ಲಾಡುತ್ತಿತ್ತು. ಹಾಕಿದ್ದು ಚಿಲ್ಲರೆ ಕಾಸು ಅಂತ ಅವಳು ಈಗಲೂ ವಾದಿಸುತ್ತಾಳೆ. ಚಿಲ್ಲರೆ ಬಿದ್ದರೆ ಸದ್ದು ಬರುತ್ತದೆ.

ಆವಣಿ ತಲುಪುವಾಗ ಹೊಟ್ಟೆ ಹಸಿದಿತ್ತು. ಸೀತೆ ಲವಕುಶರನ್ನು ಹೆತ್ತ ಬೆಟ್ಟ ಇದೇ, ಈ ಗುಡಿಗಳೆಲ್ಲ ನೊಳಂಬರ ಕಾಲದವು ಅಂತ ಗೈಡು ಬೆಟ್ಟಕ್ಕೂ ಗುಡಿಗೂ ಕೈ ತೋರಿಸುತ್ತಿದ್ದಾಗಲೇ ಅಮ್ಮ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ಚಿತ್ರಾನ್ನ, ಹುರಿಗಡಲೆ ಚಟ್ನಿ. ಆಮೇಲೆ ಇನ್ನೊಂದು ಡಬ್ಬಿ ತೆಗೆದಳು. ಕೆಂಪಗೆ, ಎಣ್ಣೆ ಬಿಟ್ಟುಕೊಂಡ ಟೊಮೆಟೊ ಗೊಜ್ಜು. ಬೆಲ್ಲ, ಇಂಗಿನ ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅಮ್ಮ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮೊದಲು ದೊಡ್ಡಪ್ಪನಿಗೆ" ಅಂದಳು. "ನಿಮ್ಮ ತೋಟದ್ದೇ ಭಾವ. ಹಾಕ್ಕೊಳ್ಳಿ."

ದೊಡ್ಡಪ್ಪ ಡಬ್ಬಿ ನೋಡಿದ, ಅಮ್ಮನ ಮುಖ ನೋಡಿದ. "ನಾಕು ವದ್ದಮ್ಮ, ಬೇಡ" ಅಂದ. ಹೆದರಿದಾಗ, ಸಿಟ್ಟು ಬಂದಾಗ ಅವನ ಬಾಯಿಗೆ ತೆಲುಗೇ ಬರುತ್ತಿತ್ತು.

"ಯಾಕೆ? ನಾನು ಬೆರೆಸಿರೋದು ಬೆಲ್ಲ ಮಾತ್ರ. ಉಳಿದಿದ್ದೇನಿದ್ರೂ ನೀವು ಹೊಡ್ದಿದ್ದೇ."

ಅಪ್ಪ ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಿದ್ದ. ಇದೊಂದೂ ಗೊತ್ತಿಲ್ಲದ ಗೈಡು "ಗೊಜ್ಜಾ ಮೇಡಂ? ನಂಗೆ ಪ್ರಾಣ" ಅಂದು ಅರ್ಧ ಡಬ್ಬಿ ತನ್ನ ಎಲೆಗೆ ಸುರಿದುಕೊಂಡ. ಅವನು ಒಂದೊಂದು ತುತ್ತು ಇಳಿಸುವಾಗಲೂ ದೊಡ್ಡಪ್ಪನ ಕಣ್ಣು ಅವನ ಗಂಟಲ ಮೇಲೇ ಇತ್ತು. ನನ್ನದೂ. ಅವನು ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತಾನಾ ಅಂತ ಕಾದೆ. ಹುಡುಗ ಬೆರಳು ನೆಕ್ಕಿ ದೊಡ್ಡದಾಗಿ ತೇಗಿದ. ನನಗೆ ನಿರಾಸೆಯಾಯಿತು. ಅಮ್ಮ ಉಳಿದ ಗೊಜ್ಜನ್ನು ತಾನೇ ಬಳಿದು ತಿಂದಳು, ದೊಡ್ಡಪ್ಪನನ್ನೇ ನೋಡುತ್ತಾ. ಮಾಲೂರು, ಶ್ರೀನಿವಾಸಪುರ ಎಲ್ಲ ಸುತ್ತಿದರೂ ಅಂಥ ರುಚಿಯ ಗೊಜ್ಜು ಸಿಗದು ಅಂತ ಗೈಡು ಹೊಗಳಿದ.

ಊಟಕ್ಕೆ ಹೊತ್ತು ಹಿಡಿದು ಕುರುಡುಮಲೆಗೆ ತಡವಾಯಿತು. ಮುಳಬಾಗಿಲು ದಾಟಿ ನಾವು ಗುಡಿಗೆ ಬಂದಾಗ ಗರ್ಭಗುಡಿಯ ಬಾಗಿಲು ಹಾಕಿತ್ತು, ಪೂಜಾರಿ ಊಟಕ್ಕೆ ಹೋಗಿದ್ದ. ಒಳಗೆ ಒಂದೇ ಕಲ್ಲಿನಲ್ಲಿ ಕಡೆದ ಆಳೆತ್ತರ ಮೀರಿದ ಗಣಪ ಇದ್ದಾನೆ ಅಂತ ಗೈಡು ಮುಚ್ಚಿದ ಬಾಗಿಲನ್ನೇ ತೋರಿಸಿ ವರ್ಣಿಸಿದ. ಪಾಪ, ಅವನ ತಪ್ಪೇನಿಲ್ಲ. ಮಂಟಪದ ಕಲ್ಲು ತಣ್ಣಗಿತ್ತು. ಎಣ್ಣೆ ಜಿಡ್ಡು, ಬಾವಲಿ, ಹಳೇ ಹೂವಿನ ವಾಸನೆ.

ಅಮ್ಮ ಸೆರಗಿನಿಂದ ಒಂದು ವೀಳ್ಯದೆಲೆ ತೆಗೆದು ಬಾಗಿಲ ಮುಂದೆ ಇಟ್ಟು, ಅದರ ಮೇಲೆ ಕರ್ಪೂರ ಇಟ್ಟು ಹಚ್ಚಿದಳು.

"ಮೇಡಂ, ಹೆರಿಟೇಜ್ ಜಾಗ, ಇಲ್ಲಿ ಬೆಂಕಿ ಹಚ್ಚಬಾರದು" ಅಂದ ಗೈಡು.

"ಸುಮ್ನಿರಪ್ಪ, ಗೊಜ್ಜು ತಿಂದಿದ್ದೀಯ" ಅಂದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. "ಈ ಕರ್ಪೂರ ಕೈಯಲ್ಲಿ ಆರಿಸಿ ಹೇಳಿ ಭಾವ. ಔಷಧಿ ಹೊಡೆಯೋಕೆ ಮುಂಚೆ ನಮ್ಮ ಮನೆಗೆ ಹೇಳಿದ್ರಾ?"

"ಪಿಚ್ಚಿ ಪಟ್ಟಿಂದಾ ನೀಕು? ಹುಚ್ಚಾ? ಬಾಗಿಲೇ ಹಾಕಿದೆ. ದೇವರು ಎಲ್ಲಿ ನೋಡ್ತಾನೆ?"

"ಬಾಗಿಲು ಹಾಕಿದ್ರೆ ಕಿವಿನೂ ಮುಚ್ಕೊಂಡಿರ್ತಾನಾ? ಅಷ್ಟು ದೊಡ್ಡ ಕಿವಿ."

ನಮ್ಮ ಕಡೆ ಕರ್ಪೂರ ಆರಿಸಿ ಸುಳ್ಳು ಹೇಳಿದರೆ ಹೇಳಿದವನ ಮನೆ ಉಳಿಯುವುದಿಲ್ಲ ಅಂತ ನಂಬಿಕೆ. ಹೆಂಡತಿ ಮಕ್ಕಳ ಸಮೇತ. ದೊಡ್ಡಪ್ಪ ಸುಳ್ಳು ಹೇಳಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಮನೆ ಉರಿಯಬೇಕು, ನಾನು ನೋಡಬೇಕು. ಅವನ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿದ್ದೆ. ಅವರ ಮುಖ ನೆನಪಾಯಿತು. ಆದರೂ ಬೇಡಿಕೊಂಡೆ.

ದೊಡ್ಡಪ್ಪ ಕೂತ. ಅಂಗೈಯನ್ನು ಉರಿಯ ಮೇಲೆ ಹಿಡಿದ. "ಹಿಂದಿನ ಸಂಜೆ ಬದುವಿನ ಮೇಲೆ ನಿಂತು ಇವನಿಗೆ ಹೇಳಿದ್ದೆ" ಅಂದ. ಇವನು ಅಂದರೆ ನನ್ನ ಅಪ್ಪ. ಅಂಗೈ ಅದುಮಿದ. ಕರ್ಪೂರ ಆರಿತು, ಕೂದಲು ಸುಟ್ಟ ವಾಸನೆ ಬಂತು. ಅವನ ಕೈ ತಾಕುವ ಮೊದಲೇ ಗಾಳಿಗೆ ಆರಿತು ಅಂತಲೂ ಒಮ್ಮೊಮ್ಮೆ ನನಗೆ ಕಾಣುತ್ತದೆ. ಮಂಟಪದೊಳಗೆ ಗಾಳಿ ಎಲ್ಲಿಂದ?

ಅಮ್ಮ ಅಪ್ಪನ ಕಡೆ ನೋಡಲಿಲ್ಲ. ಇನ್ನೊಂದು ಕರ್ಪೂರ ತೆಗೆದು ಅದೇ ಎಲೆಯ ಮೇಲೆ ಹಚ್ಚಿದಳು. ಇನ್ನೊಂದನ್ನು ಯಾಕೆ ತಂದಿದ್ದಳು? ಅದನ್ನೂ ನಾನು ಕೇಳಿಲ್ಲ.

"ಈಗ ನೀವು" ಅಂದಳು.

ಅಪ್ಪ ಅಂಗಿಯ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. "ಹೊತ್ತಾಯ್ತು. ಕಾರಿನವರಿಗೆ ಲೇಟಾಗುತ್ತೆ."

"ಹೇಳಿದ್ದ ಅನ್ನಿ, ಇಲ್ಲ ಹೇಳಿಲ್ಲ ಅನ್ನಿ. ಎರಡರಲ್ಲಿ ಒಂದು."

"ಮನೇಗೆ ಹೋಗಿ ಮಾತಾಡೋಣ ಕಣೇ."

ಅವನು ಹೊರಗೆ ನಡೆದ. ದೊಡ್ಡಪ್ಪ ಅವನ ಬೆನ್ನನ್ನು ನೋಡುತ್ತಾ ಕೂತಿದ್ದ. ಆ ಮುಖ ಗೆದ್ದವನ ಮುಖದ ಹಾಗಿರಲಿಲ್ಲ. ಕರ್ಪೂರ ತಾನಾಗೇ ಉರಿದು ಮುಗಿಯುವವರೆಗೆ ಅಮ್ಮ ಕದಲಲಿಲ್ಲ. ಮನೆಗೆ ಹೋದ ಮೇಲೆ ಅವರು ಮಾತಾಡಲೂ ಇಲ್ಲ.

ಅಮ್ಮ ಮತ್ತೆ ಹುಳು ತರಲಿಲ್ಲ. ಹಿಪ್ಪುನೇರಳೆ ಗಿಡಗಳನ್ನು ಬೇರು ಸಮೇತ ಕೀಳಿಸಿದಳು. ಬದುವಿನುದ್ದಕ್ಕೂ, ದೊಡ್ಡಪ್ಪನ ಟೊಮೆಟೊ ಸಾಲುಗಳಿಗೆ ಮುಖ ಮಾಡಿ, ನೀಲಗಿರಿ ನೆಟ್ಟಳು. "ಯಾರನ್ನ ಕೇಳಿ ನೆಟ್ಟೆ?" ಅಂತ ಅಪ್ಪ ಕೇಳಿದ. "ನೀವು ಯಾರನ್ನ ಕೇಳಿ ಸುಮ್ನಿದ್ರಿ?" ಅಂದಳು. ಮರಗಳು ಎದ್ದವು. ಅವನ ಸಾಲುಗಳ ಮೇಲೆ ನೆರಳು ಬಿತ್ತು, ನೆಲದ ತೇವ ಹೋಯಿತು, ಆ ಕಡೆಯ ಗಿಡಗಳು ಸೊರಗಿದವು. ಕಡಿಸಿ ಮಾರಿದರೂ ಬುಡದಲ್ಲಿ ಮತ್ತೆ ಚಿಗುರುತ್ತಿದ್ದವು. ನಾನು ದಿನಾ ಸ್ಕೂಲಿಂದ ಬಂದು ಅವಕ್ಕೆ ನೀರು ಹಾಕುತ್ತಿದ್ದೆ, ಅವಕ್ಕೆ ನೀರು ಬೇಡದಿದ್ದರೂ.

ಈಗ ನಾನು ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರಜೆಗೆ ಊರಿಗೆ ಹೋದರೆ ಬದುವಿನ ಆ ಕಡೆಯೂ ಈ ಕಡೆಯೂ ಒಂದೇ ಥರದ ಬಿಳಿಚಿದ ಮಣ್ಣು. ಅವನ ಟೊಮೆಟೊ ಇಲ್ಲ, ನಮ್ಮ ಸೊಪ್ಪೂ ಇಲ್ಲ. ಹುಳದ ಮನೆಯಲ್ಲಿ ಹಳೇ ಬೈಕು ನಿಂತಿದೆ. ಸೊಪ್ಪಿನ ವಾಸನೆ ಅಮ್ಮನ ಕೈಯಿಂದ ಯಾವಾಗ ಹೋಯಿತೋ ಗಮನಿಸಲಿಲ್ಲ. ಬದುವಿನ ಮೇಲೆ ನಿಂತು ಕೂಗುವವರು ಯಾರೂ ಇಲ್ಲ. ಕೂಗಿ ಹೇಳುವಂಥದ್ದೇನೂ ಉಳಿದಿಲ್ಲ.

ದೊಡ್ಡಪ್ಪ ಬಹಳ ವರ್ಷ ಬದುಕಿ, ಎಲ್ಲರ ಹಾಗೆ ಕಾಯಿಲೆ ಬಿದ್ದು ಸತ್ತ. ಅವನ ತಿಥಿಯ ಊಟದಲ್ಲಿ ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಸಮಾಧಾನವಾಗಲಿಲ್ಲ.

ಅಪ್ಪ ಸುಮ್ಮನಾಗಿದ್ದು ತಪ್ಪು ಅವನದೇ ಆಗಿದ್ದಕ್ಕೆ ಅಂತ ನಾನು ಬಹಳ ಕಾಲ ನಂಬಿದ್ದೆ. ದೊಡ್ಡಪ್ಪ ಹೇಳಿದ್ದನ್ನು ಅಪ್ಪ ಮನೆಯಲ್ಲಿ ತಿಳಿಸಲು ಮರೆತ, ಅಷ್ಟೇ. ಹಾಗಾಗಿ ಸಿಟ್ಟನ್ನು ಅವನ ಕಡೆಗೂ ತಿರುಗಿಸಿದೆ. ಆಮೇಲೆ ಒಂದು ದಿನ ಫ್ಯಾಕ್ಟರಿ ಬಸ್ಸಿನಲ್ಲಿ ಕೂತಿದ್ದಾಗ ಇನ್ನೊಂದು ಹೊಳೆಯಿತು. ಅಪ್ಪ "ಹೇಳಿಲ್ಲ" ಅಂತ ಕರ್ಪೂರ ಆರಿಸಿದ್ದರೆ ತನ್ನ ಅಣ್ಣನ ಪ್ರಮಾಣ ಸುಳ್ಳಾಗುತ್ತಿತ್ತು, ಅಣ್ಣನ ಮನೆ ಹೋಗುತ್ತಿತ್ತು. ನಾನು ಬೇಡಿಕೊಂಡಿದ್ದು ಅದನ್ನೇ. ಅವನು ಅದನ್ನು ತಡೆದನೋ? ಇಪ್ಪತ್ತು ಜನರ ನಡುವೆ ಕೂತುಕೊಂಡು ಮನೆ ಸೇರುವವರೆಗೂ ಇದನ್ನೇ ಯೋಚಿಸಿದೆ.

ಹೋದ ತಿಂಗಳು ನೇರವಾಗಿ ಕೇಳಿದೆ. "ಅವತ್ತು ದೊಡ್ಡಪ್ಪ ನಿಂಗೆ ಹೇಳಿದ್ನಾ ಅಪ್ಪ?"

"ಆ ಗೈಡು ಒಳ್ಳೆ ಹುಡುಗ ಕಣಮ್ಮ" ಅಂದ. "ಪಾಪ, ಗೊಜ್ಜು ಎಷ್ಟು ತಿಂದ."

ಅಮ್ಮ ಒಳಗಿನಿಂದ ಪಾತ್ರೆ ಕುಕ್ಕಿದಳು. ನಾನು ಮತ್ತೆ ಕೇಳಲಿಲ್ಲ. ಅಪ್ಪ ಆ ಕರ್ಪೂರದ ಮೇಲೆ ಕೈ ಯಾಕೆ ಇಡಲಿಲ್ಲ ಅನ್ನುವುದು ನನಗೆ ಗೊತ್ತಿಲ್ಲ.