ಷಡಕ್ಷರಿ ಬಿಚ್ಚಿದ ಹಿಂದಿನ ಚಕ್ರ

ಬಾಳೂರಿನ ಮೇಲಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಷಡಕ್ಷರಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತನ್ನ ಬೈಕಿನ ಟಯರು ಹಾಕಲು ಅಂಗಡಿಗೆ ಹೋದವನಲ್ಲ. ಹೊಸ ಟಯರನ್ನು ಬಣಕಲ್ಲಿನಿಂದ ಹೆಗಲಿಗೇರಿಸಿ ತಂದು ಅಂಗಳದಲ್ಲಿ ಕೂತು ತಾನೇ ಹಾಕುತ್ತಿದ್ದ. ಬಿಸಿಲಿದ್ದರೆ ಕಾಫಿ ಒಣಗಿಸುವ ಕಣದಲ್ಲಿ ಅದನ್ನು ಕಾಯಿಸುವನು. ಮಳೆಗಾಲವಾದರೆ ಬಚ್ಚಲೊಲೆಯ ಪಕ್ಕ ಆನಿಸಿಡುವನು. ರಬ್ಬರು ಮೆತ್ತಗಾದ ಮೇಲೆ ಸೋಪಿನ ನೀರು ಸವರಿ, ಅಂಚನ್ನು ಮೀಟಿ ರಿಮ್ಮಿನೊಳಗೆ ಕೂರಿಸುವುದು. ಮೀಟಲು ಅಂಗಡಿಯ ಲಿವರುಗಳಿರಲಿಲ್ಲ. ಗುಜರಿ ಜೀಪಿನ ಸ್ಪ್ರಿಂಗ್ ಪ್ಲೇಟು ಕತ್ತರಿಸಿ ತಾನೇ ಮಾಡಿಕೊಂಡ ಎರಡು ಪಟ್ಟಿಗಳಿದ್ದವು.

ಬಣಕಲ್ಲಿನ ಪಂಕ್ಚರ್ ಅಂಗಡಿಯ ಖಲೀಲ್ ಒಮ್ಮೆ ಆ ಪಟ್ಟಿಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿ ನಕ್ಕಿದ್ದ.

“ಇದು ಲಿವರಾ, ಕತ್ತಿಯಾ ಮಾರಾಯ್ರೆ? ತುದಿ ಸ್ವಲ್ಪ ಉಜ್ಜಿ. ಒಳಗಿನ ಟ್ಯೂಬನ್ನ ಕಚ್ಚುತ್ತೆ.”

“ಕಚ್ಚೋದು ಪಟ್ಟಿ ಅಲ್ಲ ಖಲೀಲು, ಕೈ. ನನ್ ಕೈ ನೆಟ್ಟಗಿದೆ.”

“ಹಂಗಾದ್ರೆ ನಾನು ಅಂಗಡಿ ಬಾಗ್ಲು ಹಾಕಿ ನಿಮ್ಮಲ್ಲಿ ಕಾಫಿ ಕುಯ್ಯಕ್ಕೆ ಬರ್ತೀನಿ ಬಿಡಿ.”

ಷಡಕ್ಷರಿ ತುದಿ ಉಜ್ಜಲಿಲ್ಲ.

ಕಳೆದ ಜುಲೈನಲ್ಲಿ ಹಿಂದಿನ ಚಕ್ರಕ್ಕೆ ಹೊಸ ಟಯರು ಹಾಕಿದ. ಹದಿನೆಂಟನೆಯ ದಿನ ಹೆಂಡತಿ ಸರ್ವಮಂಗಳಾಳನ್ನು ಹಿಂದೆ ಕೂರಿಸಿಕೊಂಡು ಕಳಸದ ಕಡೆ ಇಳಿಯುತ್ತಿದ್ದಾಗ, ತಿರುವಿನಲ್ಲಿ ಆ ಚಕ್ರದ ಗಾಳಿ ಒಮ್ಮೆಲೇ ಹೋಗಿ ಬೈಕು ಅಡ್ಡ ಬಿತ್ತು. ಅವನು ಮೊಣಕೈ ತರಚಿಕೊಂಡು ಎದ್ದ. ಅವಳ ಬೆನ್ನು ಮೋರಿಯ ಕಲ್ಲಿಗೆ ಬಡಿದಿತ್ತು. ಹತ್ತೊಂಬತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸಿಗೆ ಸೊಂಟದ ಕೆಳಗೆ ಮತ್ತೆ ಸ್ಪರ್ಶ ಬರಲಿಲ್ಲ. ಮೈ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಅವಳನ್ನು ಹೊರಳಿಸಬೇಕು. ಆ ಕೆಲಸ ಷಡಕ್ಷರಿಯದಾಯಿತು.

“ಮೊಳೆ ಹೊಕ್ಕಿರಬೇಕು” ಎಂದು ಆಸ್ಪತ್ರೆಯಲ್ಲಿ ಮೊದಲು ಹೇಳಿದವನು ಅವನೇ. ನೋಡಲು ಬಂದವರೆಲ್ಲ ಅದನ್ನೇ ಹೇಳಿಕೊಂಡು ಹೋದರು. ಮೊಳೆಯನ್ನು ಯಾರೂ ಕಂಡಿರಲಿಲ್ಲ. ಬೈಕನ್ನು ಜೀಪಿನಲ್ಲಿ ತಂದು ಶೆಡ್ಡಿಗೆ ಹಾಕಿದ್ದರು. ನಾಲ್ಕು ತಿಂಗಳಾದರೂ ಅವನು ಅದರ ಹತ್ತಿರ ಸುಳಿಯಲಿಲ್ಲ. ಟ್ಯೂಬಿನಲ್ಲಿ ತೂತು ರಸ್ತೆಯ ಕಡೆಗಿದ್ದರೆ ಮೊಳೆ. ರಿಮ್ಮಿನ ಕಡೆಗಿದ್ದರೆ ಹಾಕಿದವನ ಕೈ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನ ಒಂದು ಭಾನುವಾರ ಸರ್ವಮಂಗಳಾ ಹೇಳಿದಳು: “ರೀ, ಆ ಚಕ್ರ ಬಿಚ್ಚಿ ನೋಡಿ.”

“ಈಗ ಯಾಕೆ ಅದು?”

“ಮೊಳೆ ಆದ್ರೆ ರಸ್ತೆಗೆ ಬೈಕೊಂಡು ಮಲಗಿರ್ತೀನಿ. ಅಲ್ಲ ಅಂದ್ರೆ ಅದೂ ಗೊತ್ತಾಗ್ಲಿ. ಬಿದ್ದವಳು ನಾನು.”

ಅವನು ಚಕ್ರವನ್ನು ಕಳಚಿ ಅಂಗಳಕ್ಕೆ ತಂದ. ಹಿಮ್ಮಡಿಯಿಂದ ತುಳಿದು ಅಂಚು ಬಿಡಿಸಿ ಟ್ಯೂಬನ್ನು ಎಳೆದ. ಟಯರಿನ ಒಳಗೆಲ್ಲ ಬೆರಳಾಡಿಸಿದ; ಮೊಳೆಯಿಲ್ಲ, ಮುಳ್ಳಿಲ್ಲ. ಟ್ಯೂಬಿನ ಹೊರಮೈ ನುಣ್ಣಗಿತ್ತು. ಮಗುಚಿದ. ರಿಮ್ಮಿನ ಕಡೆ, ಪಟ್ಟಿಯ ತುದಿಯಷ್ಟೇ ಅಗಲದ ಒಂದು ಕಚ್ಚು. ಅದರ ಮೂಲೆಯಿಂದ ಬೆರಳುದ್ದ ಸೀಳು. ಪಟ್ಟಿಯನ್ನು ತಂದು ಇಟ್ಟು ನೋಡಿದ. ಸರಿಯಾಗಿ ಕೂತಿತು.

ಜುಲೈನ ಆ ಮಧ್ಯಾಹ್ನ ಒಲೆಯ ಪಕ್ಕದಿಂದ ಟಯರು ತೆಗೆದಾಗಲೇ ತೋಟದ ಮೇಸ್ತ್ರಿ ಕರೆದಿದ್ದ. ಹೋಗಿ ಬರುವಷ್ಟರಲ್ಲಿ ರಬ್ಬರು ಮತ್ತೆ ಬಿಗಿದಿತ್ತು. ಮತ್ತೊಮ್ಮೆ ಕಾಯಿಸುವ ತಾಳ್ಮೆಯಿಲ್ಲದೆ ಬಲ ಹಾಕಿ ಮೀಟಿದ. ಪಟ್ಟಿ ಕೊಂಚ ಜಾರಿದ್ದು ಅಂಗೈಗೆ ತಿಳಿದಿತ್ತು. ಪಂಪು ಹೊಡೆದು ನೋಡಿದ, ಗಾಳಿ ನಿಂತಿತು. ಅರ್ಧ ಕತ್ತರಿಸಿದ ರಬ್ಬರು ಹದಿನೆಂಟು ದಿನ ತಡೆಯಿತು, ಅಷ್ಟೆ.

ಶೆಡ್ಡಿನ ಡಬ್ಬಿಯಲ್ಲಿ ತುಕ್ಕು ಹಿಡಿದ ಮೊಳೆಗಳಿದ್ದವು. ಒಂದನ್ನು ಎತ್ತಿಕೊಂಡ, ಮತ್ತೆ ಹಾಕಿದ. ಪ್ರಾಮಾಣಿಕತೆಯಿಂದಲ್ಲ, ಇನ್ನೊಂದು ಸುಳ್ಳನ್ನು ಸಾಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

“ಪಟ್ಟಿ ಕಚ್ಚಿದೆ” ಎಂದು ಟ್ಯೂಬನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಸೀಳಿನಲ್ಲಿ ಬೆರಳು ತೂರಿಸಿ ನೋಡಿದಳು.

“ಹಾಕೋವಾಗ್ಲೇ ಗೊತ್ತಾಗಿತ್ತಾ?”

“ಜಾರಿದ ಹಾಗಾಯ್ತು. ಗಾಳಿ ನಿಂತಿತ್ತು. ಸುಮ್ಮನಾದೆ.”

ಅವಳು ಟ್ಯೂಬನ್ನು ಹಿಂದಕ್ಕೆ ಕೊಟ್ಟಳು. ಹೊರಳಿಸುವ ಹೊತ್ತಾದಾಗ ಅವನು ಕೈ ತೊಳೆದು ಬಂದು ಬಗ್ಗಿದ. ಅವಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ನೀವು ಬೇಡ. ದ್ಯಾವಮ್ಮನ್ನ ಕರೀರಿ.”

ದ್ಯಾವಮ್ಮ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯವಳು. ರಜೆಯ ದಿನವೆಂದು ಬಟ್ಟೆ ಒಗೆಯುತ್ತಿದ್ದವಳು, ಹೆಂಡತಿಯನ್ನು ಹೊರಳಿಸಲು ಅವನು ಕರೆದಾಗ ಸೋಪಿನ ಕೈಯಲ್ಲೇ ಎದ್ದು ನಿಂತಳು.

“ನೀವೇ ಇದ್ದೀರಲ್ಲ ರೈಟರೇ, ನಾನ್ಯಾಕೆ?”

ಷಡಕ್ಷರಿ ಮನೆಯ ಕಡೆ ಕೈ ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ನಡೆದಳು. ಅವನು ಹಿಂದೆ ಹೋಗಿ, ತನ್ನ ಮನೆಯ ಹೊಸ್ತಿಲಾಚೆಗೇ ನಿಂತ.