ಕೆಳಗಿನ ನಲ್ಲಿಯ ಬೀಗ

ನಲ್ಲಿಗೆ ಬೀಗ ಹಾಕಿದವರು ನಮ್ಮ ಹೌಸಿಂಗ್ ಸೊಸೈಟಿಯ ಸಮಿತಿಯವರು. ಅದರ ಫಲ ಉಂಡವಳು ನನ್ನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನರ್ಸ್. ಬೀಗ ಹಾಕಿದವರಿಗೆ ಒಂದು ಹನಿ ನೀರೂ ಕಡಿಮೆಯಾಗಲಿಲ್ಲ. ಅವಳು ಮೊದಲು ನಿದ್ದೆಯನ್ನು, ಆಮೇಲೆ ಮನೆಯನ್ನೇ ಕಳೆದುಕೊಂಡಳು.

ನಾಗಪುರದ ನಡುಪೇಟೆ ಸೀತಾಬರ್ಡಿಗೆ ನಡೆದೇ ಹೋಗಿಬರಬಹುದಾದ ಹಳೆಯ ಬಡಾವಣೆ ನಮ್ಮದು. ಲಿಫ್ಟ್ ಇಲ್ಲದ ಕಟ್ಟಡ, ಕೊನೆಯ ಮಹಡಿ, ಪಡುವಣ ಬಿಸಿಲಿಗೆ ಮುಖ ಮಾಡಿದ ಕಿಟಕಿಗಳು. ಆದ್ದರಿಂದಲೇ ಬಾಡಿಗೆ ನಮ್ಮ ಕೈಗೆಟುಕುತ್ತಿತ್ತು. ನಾನು ಪಾಠ ಮಾಡುವ ಕಾಲೇಜಿಗೆ ಬೇವಿನ ಮರಗಳ ನೆರಳಿನಲ್ಲೇ ಹೋಗಬಹುದು. ಬಾಗಲಕೋಟೆ ಕಡೆಯ ಆ ಹುಡುಗಿ ರಾತ್ರಿ ಪಾಳಿಗೆ ಆಸ್ಪತ್ರೆಗೆ ನಡೆದು ಹೋಗಿ, ಬೆಳಿಗ್ಗೆ ಮೂಲೆಯ ಗಾಡಿಯಲ್ಲಿ ಖಾರದ ರಸ ಸುರಿದ ಅವಲಕ್ಕಿ, ತರ್ರಿ ಪೋಹೆ, ಕಟ್ಟಿಸಿಕೊಂಡು ನಡೆದೇ ಬರುತ್ತಿದ್ದಳು. ಆಟೊಗಾಗಿ ಕಾಯದೆ, ಯಾರ ಹಂಗಿಗೂ ಬೀಳದೆ ಹೆಣ್ಣೊಬ್ಬಳು ರಾತ್ರಿಯ ಕೆಲಸಕ್ಕೆ ಹೋಗಿಬರುವುದು ಸಣ್ಣ ಸ್ವಾತಂತ್ರ್ಯವಲ್ಲ.

ಈ ಊರಿನ ಬೇಸಿಗೆಯನ್ನು ಕೂಲರ್ ಇಲ್ಲದೆ ಕಳೆಯಲಾಗದು. ಹೋಳಿ ಮುಗಿಯುತ್ತಲೇ, ನೀರು ತುಂಬಿಸಿದರೆ ತಂಪು ಗಾಳಿ ಬೀಸುವ ಈ ತಗಡಿನ ಪೆಟ್ಟಿಗೆಗಳು ಅಟ್ಟದಿಂದಿಳಿದು ಕಿಟಕಿಯ ಹೊರಗಿನ ಕಬ್ಬಿಣದ ಸ್ಟ್ಯಾಂಡಿಗೆ ಏರುತ್ತವೆ. ಅವಳು ಇತವಾರಿ ಪೇಟೆಯಿಂದ ಲಾವಂಚದ ತಟ್ಟಿ ತಂದು ತನ್ನ ಹಳೆಯ ಕೂಲರಿಗೆ ಕಟ್ಟಿದಳು. ಬೆಳಿಗ್ಗೆ ತುಂಬಿದ ನೀರು ಮಧ್ಯಾಹ್ನಕ್ಕೆ ಮೊದಲೇ ಆರಿಹೋಗುತ್ತದೆ. ಮನೆಯ ನಲ್ಲಿಯಲ್ಲಿ ಆ ಹೊತ್ತಿಗೆ ನೀರಿರುವುದಿಲ್ಲ. ಕೆಳಗಿನ ಬೋರ್‌ವೆಲ್ ನಲ್ಲಿಯಿಂದಲೇ ಬಕೆಟ್ ಹೊರಬೇಕು.

ಕಳೆದ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿಯಿತು. ಸಮಿತಿ ಆ ನಲ್ಲಿಗೆ ಬೀಗ ಹಾಕಿ, ಬಾಡಿಗೆದಾರರಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ತೆರೆಯುವುದೆಂದು ತೀರ್ಮಾನಿಸಿತು. ಸ್ವಂತ ಮನೆಯಲ್ಲಿ ವಾಸವಿದ್ದ ಮಾಲೀಕರ ಕೂಲರುಗಳಿಗೆ ಅದೇ ನೀರು ಟ್ಯಾಂಕಿನಿಂದ ಪೈಪಿನಲ್ಲಿ ಹರಿಯುತ್ತಿತ್ತು; ಅದಕ್ಕೆ ಯಾವ ಕಟ್ಟುಪಾಡೂ ಇರಲಿಲ್ಲ. ತೀರ್ಮಾನವಾದ ಸಭೆಯಲ್ಲಿ ಬಾಡಿಗೆದಾರರಿಗೆ ಕುರ್ಚಿಯೂ ಇರಲಿಲ್ಲ. ಇದು ಅನ್ಯಾಯವೆಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಪಾಳಿ ಮುಗಿಸಿ ಅವಳು ಬರುವಷ್ಟರಲ್ಲಿ ಬೀಗ ಬಿದ್ದಿರುತ್ತಿತ್ತು; ಬೆಳಿಗ್ಗೆ ಅವಳ ಪಾಲಿನ ಬಕೆಟ್ಟನ್ನು ನಾನೇ ಹೊತ್ತೆ. ಮಧ್ಯಾಹ್ನಕ್ಕೆ ಕೂಲರ್ ಮತ್ತೆ ಒಣಗುತ್ತಿತ್ತು. ಒಂದು ದಿನ ಒದ್ದೆ ಟವೆಲ್ ಹೊದ್ದು ನನ್ನ ಬಾಗಿಲಿಗೆ ಬಂದಳು.

"ಅಕ್ಕಾರ, ನಿಮ್ಮ ಮನ್ಯಾಗ ಜರಾ ಮಲಗ್ಲೇನ್ರಿ? ನಂದು ಖೋಲಿ ತಂದೂರ್ ಆಗೇತಿ."

"ನನ್ನ ಕೂಲರೂ ಒಣಗಿದೆಯಲ್ಲೇ."

"ಹಂಗಾರ ಇಬ್ರೂ ಬರೋಬರ್ ಬೇಯೂಣು ಬರ್ರಿ." ನಕ್ಕಳು, ಆಮೇಲೆ ದನಿ ತಗ್ಗಿತು. "ನಿನ್ನಿ ರಾತ್ರಿ ಇಂಜೆಕ್ಷನ್ ಕೊಡೂಮುಂದ ಕಣ್ಣು ಎಳೀತಿದ್ವು. ಪೇಷಂಟ್ ಅಜ್ಜ, ಸಿಸ್ಟರ್ ನೀವು ಮಲಕೋರಿ, ನಾ ಎಚ್ಚರ ಇರ್ತೀನಿ ಅಂದ. ನಕ್ಕೆ. ಆಮ್ಯಾಲ ಅಂಜಿಕಿ ಬಂತ್ರಿ."

ಇಬ್ಬರೂ ಕೂಡಿ ಸೊಸೈಟಿಯ ಕಾರ್ಯದರ್ಶಿಯ ಬಾಗಿಲು ತಟ್ಟಿದೆವು. ಅವರು ನಿವೃತ್ತ ಅಧಿಕಾರಿ, ಕೆಡುಕರಲ್ಲ. ಹಿಂದೊಮ್ಮೆ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿಗಾಗಿ ಬೀದಿಯಲ್ಲಿ ನಿಂತವರು, ಆ ಭಯ ಅವರಲ್ಲಿ ಇನ್ನೂ ಇತ್ತು. ಕಣ್ಣುಜ್ಜುತ್ತಾ ಬಾಗಿಲು ತೆರೆದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು; ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ತಾಯೀ, ಇದು ಮಲಗೋ ಹೊತ್ತು."

"ಅದಕ್ಕ ಬಂದೇನ್ರಿ ಕಾಕಾ, ನಾನೂ ಮಲಗಬೇಕು. ಕೀಲಿ ಕೊಡ್ರಿ, ಎರಡು ಬಕೆಟ್ ತುಂಬಿ ಜಲ್ದಿ ತಂದು ಕೊಡ್ತೀನಿ."

"ನಮ್ಮದು ಸಂಸಾರಸ್ಥರ ಸೊಸೈಟಿ. ರಾತ್ರಿಯೆಲ್ಲ ಹೊರಗಿದ್ದು ಹಗಲು ಮಲಗೋರಿಗೆ ಇಲ್ಲಿ ಸರಿಹೋಗಲ್ಲ."

"ಕಾಕಾ, ನಿಮಗ ಎದಿನೋವು ಬಂದ್ರ ಆ ರಾತ್ರಿ ನಾ ಹೊರಗ, ಆಸ್ಪತ್ರ್ಯಾಗ ಇರೂದ ಚಲೋ," ಎಂದಳು.

ಅವರು ನಗಲಿಲ್ಲ, ಕೀಲಿಯನ್ನೂ ಕೊಡಲಿಲ್ಲ. ಮಧ್ಯಾಹ್ನದ ನಿದ್ದೆ ಕೆಡಿಸಿದಳೆಂದು ಅವಳ ಮನೆಮಾಲೀಕರಿಗೆ ದೂರು ಹೋಯಿತು. ಇಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿನದು. ಅವಳದು ಮುಗಿಯುತ್ತ ಬಂದಿತ್ತು, ಮಾಲೀಕರು ಮುಂದುವರಿಸಲಿಲ್ಲ. ಬಾಗಿಲು ತಟ್ಟಿದವರು ಇಬ್ಬರು, ದೂರು ಒಬ್ಬಳ ಮೇಲೆ. ನಾನು ಹಗಲು ದುಡಿದು ರಾತ್ರಿ ಮಲಗುವ ಅಧ್ಯಾಪಕಿ ಎಂಬುದೇ ನನ್ನನ್ನು ಕಾಯಿತು. ಹೆಣ್ಣಿನ ದುಡಿಮೆಯ ವೇಳೆಯನ್ನು ಅವಳ ನಡತೆಯ ಅಳತೆಗೋಲು ಮಾಡುವುದು ಬೀಗಕ್ಕಿಂತ ದೊಡ್ಡ ತಪ್ಪು.

ಈಗ ಅವಳು ನಾಗಪುರದ ಅಂಚಿನ ವಾಡಿಯಲ್ಲಿ, ಗೋದಾಮುಗಳ ಹಿಂದಿನ ಒಂದು ಕೋಣೆಯಲ್ಲಿದ್ದಾಳೆ. ಪಾಳಿಗೆ ಹೊರಟಾಗ ಲಾರಿಗಳ ನಡುವೆ ನಿಂತು ಆಟೊ ಕಾಯುತ್ತಾಳೆ. ಮೊನ್ನೆ, ಮಳೆಗಾಲ ಮುಗಿದ ಮೇಲಿನ ಸೆಕೆಯಲ್ಲಿ, ಹೋಗಿದ್ದೆ. ಅವಳ ಕೂಲರಿನಿಂದ ಲಾವಂಚದ ವಾಸನೆಯ ತಂಪು ಗಾಳಿ ಬೀಸುತ್ತಿತ್ತು.

"ಇಲ್ಲಿ ನೀರು ಭಾಳ ಐತ್ರಿ ಅಕ್ಕಾರ," ಎಂದಳು. "ಖರೇ, ಆಟೊ ಸಿಗದ ದಿನ ಡ್ಯೂಟಿ ತಪ್ಪತೈತಿ. ನಮ್ಮ ಹಳೇ ಮನಿ ಯಾರಿಗರೆ ಕೊಟ್ರೇನ್ರಿ?"

ಕೊಟ್ಟಿಲ್ಲ. ಅದು ಇನ್ನೂ ಖಾಲಿ ಇದೆ. ಕಿಟಕಿಯ ಹೊರಗೆ ಅವಳ ಕೂಲರಿನ ಸ್ಟ್ಯಾಂಡ್ ಹಾಗೆಯೇ ನಿಂತಿದೆ.

ಸಮಿತಿಯವರೇ, ಬರುವ ಹೋಳಿಯೊಳಗೆ ಆ ಬೀಗ ತೆಗೆಯಿರಿ. ನೀರು ಕಡಿಮೆಯಾದರೆ ಮಾಲೀಕರ ಪೈಪಿಗೂ ಬಾಡಿಗೆದಾರರ ಬಕೆಟ್ಟಿಗೂ ಒಂದೇ ಮಿತಿ ಇಡಿ. ಆ ಮಿತಿಯನ್ನು ಗೊತ್ತುಮಾಡುವ ಸಭೆಗೆ ನಮ್ಮನ್ನೂ ಕರೆಯಿರಿ. ಮನೆಮಾಲೀಕರೇ, ಬೀಗ ಹಾಕಿಟ್ಟಿರುವ ಆ ಮನೆಯನ್ನು ಅದೇ ಬಾಡಿಗೆಗೆ ಅವಳಿಗೇ ಮರಳಿ ಕೊಡಿ.